ಸೊಟ್ಟಗೊಂಬಿನ ಅಚ್ಚು

ಕಣ್ಣು ಹೋದ ಮೇಲೆ ನಮ್ಮವ್ವನ ಬಾಯಲ್ಲಿ ಒಂದೇ ಮಾತು ಠಿಕಾಣಿ ಹೂಡಿತ್ತು: “ನಂಗ್ಯಾಕೆ?” ಹೊಸ ಸೀರೆ ತಂದುಕೊಟ್ಟರೆ, “ನಂಗ್ಯಾಕೆ, ಕಾಣ್ತದಾ?” ಬಾಗಿಲ ಮುಂದೆ ಎಳೆಬಿಸಿಲು ಬಿದ್ದಿದೆ, ಬಂದು ಕೂತ್ಕೋ ಅಂದರೆ, “ನಂಗ್ಯಾಕೆ?” ಟೊಮೇಟೊ ಗಾಡಿ ಜೊತೆ ಹೊಸೂರು ಮಾರುಕಟ್ಟೆಗೆ ಬಂದ ಅಣ್ಣ ಹಾಗೇ ಮತ್ತಿಗಿರಿಯ ನಮ್ಮ ಮನೆಗೂ ಬಂದು, ಊರಲ್ಲಿ ಈ ಸಲ ಬೆಳೆ ಹೇಗಿದೆ ಅಂತ ಹೇಳಲು ಕೂತರೂ ಅದೇ. ಊಟ ಬೇಡ ಅನ್ನುತ್ತಿರಲಿಲ್ಲ, ನಿಜ. ಆದರೆ ತಟ್ಟೆಯಲ್ಲಿ ಏನಿದೆ ಅಂತ ಕೇಳುವುದನ್ನೇ ಬಿಟ್ಟಿದ್ದಳು. ಹಾಕಿದ್ದನ್ನು ತಿಂದು ಕೈ ತೊಳೆಯುತ್ತಿದ್ದಳು.

ಅದೇ ನನ್ನ ಹೊಟ್ಟೆ ಉರಿಸಿದ್ದು. ನಮ್ಮವ್ವ ಎಂಥ ಹೆಂಗಸು ಅಂತ ನಿಮಗೆ ಗೊತ್ತಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾದರೆ ನಮ್ಮೂರು ಉದ್ದನಪಲ್ಲಿಯಲ್ಲಿ ಅರ್ಧ ಊರಿಗೆ ಕೇಳುವ ಹಾಗೆ ರಾಗ ತೆಗೆಯುತ್ತಿದ್ದವಳು. ಸಂತೆಯಲ್ಲಿ ತಮಿಳರ ಹತ್ತಿರ ತಮಿಳಲ್ಲಿ, ತೆಲುಗರ ಹತ್ತಿರ ತೆಲುಗಲ್ಲಿ, ನಮ್ಮವರ ಹತ್ತಿರ ಕನ್ನಡದಲ್ಲಿ, ಮೂರರಲ್ಲೂ ಒಂದೇ ಜೋರಿನಲ್ಲಿ ಜಗಳ ಆಡುತ್ತಿದ್ದವಳು. ಸಕ್ಕರೆ ಕಾಯಿಲೆ ಒಳಗೊಳಗೇ ಅವಳ ಕಣ್ಣನ್ನು ತಿಂದುಹಾಕಿತ್ತು. ಆಸ್ಪತ್ರೆ ಹತ್ತಿರ ಇರಲಿ ಅಂತ ನಮ್ಮ ಮನೆಗೆ ಕರೆತಂದೆವು. ಡಾಕ್ಟರು ಒಳ್ಳೆಯವರು, ಸುಳ್ಳು ಆಸೆ ಹುಟ್ಟಿಸಲಿಲ್ಲ. ಹೋದದ್ದು ಬರುವುದಿಲ್ಲ ಅಂದರು. ಅದಕ್ಕೆ ಹೇಗೋ ಒಗ್ಗಿಕೊಂಡೆ. ಆ ‘ನಂಗ್ಯಾಕೆ’ಗೆ ಮಾತ್ರ ಒಗ್ಗಿಕೊಳ್ಳಲು ಆಗಲಿಲ್ಲ. ಆ ಮಾತು ಅವಳ ಬಾಯಿಂದ ಹೋಗಬೇಕು, ಇನ್ನೊಮ್ಮೆ ಯಾವುದನ್ನಾದರೂ ಅವಳು ‘ಬೇಕು’ ಅನ್ನಬೇಕು. ನನಗೆ ಬೇಕಾಗಿದ್ದು ಇಷ್ಟೇ.

ಒಂದು ಭಾನುವಾರ ಬೆಳಿಗ್ಗೆ ನಾನು ಕಾಫಿ ಹಿಡಿದು ಅವಳ ಕೋಣೆಗೆ ಹೋದೆ. ಅವ್ವ ಮಂಚದ ಮೇಲೆ ಕೂತು ತನ್ನ ಎಲೆಅಡಿಕೆ ಚೀಲ ಬಿಚ್ಚಿದ್ದಳು. ಆ ಚೀಲದ ತಳದಲ್ಲಿ ಹಳೇ ತಾಮ್ರದ ಕಾಸುಗಳು ಯಾವಾಗಲೂ ಇರುತ್ತಿದ್ದವು. ಬ್ರಿಟಿಷರ ಕಾಲದವು, ಒಂದು ಬದಿಗೆ ರಾಜನ ತಲೆ. ಅವಳ ಅಜ್ಜಿ ಕೊಟ್ಟದ್ದಂತೆ. ಅದರಲ್ಲೊಂದನ್ನು ಹಿಡಿದು ಹೆಬ್ಬೆರಳಲ್ಲಿ ಉಜ್ಜುತ್ತಾ ಇದ್ದಳು.

“ಇವ್ನ ಮೂಗು ಇನ್ನೂ ಐತೆ ಕಣ್ಲಾ,” ಅಂದಳು.

ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತೆ. ಕಾಸು ತಗೊಂಡು ನಾನೂ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದೆ. ನನಗೆ ಮೂಗೂ ಸಿಗಲಿಲ್ಲ, ಕಿವಿಯೂ ಸಿಗಲಿಲ್ಲ. ಅವಳಿಗೆ ಸಿಕ್ಕಿತ್ತು. ಅವಳ ಬೆರಳಿಗೆ ಕಾಣುತ್ತಿತ್ತು! ಹಾಗಾದರೆ ರಾಜನ ಹಾಳು ಮೂಗೇ ಯಾಕೆ ನೋಡಬೇಕು, ಅವಳಿಗೆ ಇಷ್ಟವಾದದ್ದನ್ನೇ ಅಲ್ಲಿ ಕೂರಿಸಬಾರದಾ ಅಂತ ತಲೆಗೆ ಹೊಳೆಯಿತು.

ಇಷ್ಟವಾದದ್ದು ಯಾವುದು ಅಂತ ಯೋಚಿಸುವ ಹಾಗೇ ಇರಲಿಲ್ಲ. ನಮ್ಮ ಮನೆಯ ಕೆಂದ ಹಸು. ಅದರ ಒಂದು ಕೊಂಬು ನೆಟ್ಟಗೆ ಮೇಲಕ್ಕೆ, ಇನ್ನೊಂದು ಸೊಟ್ಟಗೆ ಬಾಗಿ ಕಣ್ಣಿನ ಕಡೆಗೆ. ಊರಲ್ಲೆಲ್ಲ ಅದಕ್ಕೆ ಸೊಟ್ಟಗೊಂಬಿ ಅಂತಲೇ ಕರೆಯುತ್ತಿದ್ದರು. ನಾವು ಮಕ್ಕಳು ಬೆಳೆದದ್ದೇ ಅದರ ಹಾಲಲ್ಲಿ. ಅವ್ವ ದಿನಾ ಬಾನಿಯಲ್ಲಿ ಕಲಗಚ್ಚು ಇಟ್ಟು, ಅದು ಕುಡಿಯುವಷ್ಟು ಹೊತ್ತೂ ಎದುರಿಗೆ ನಿಂತು ಎರಡು ಕೊಂಬಿನ ನಡುವೆ ಕೆರೆಯುತ್ತಿದ್ದಳು. ನಮ್ಮ ಮೇಲಿನ ದೂರನ್ನೆಲ್ಲ ಅದರ ಮುಂದೆ ಹೇಳುತ್ತಿದ್ದಳು. ಅಪ್ಪನ ಮೇಲಿನ ದೂರೂ ಅದಕ್ಕೇ. ಅದು ಮುಸುಡಿ ಎತ್ತಿ ಉಸ್ಸೆಂದರೆ, “ನೋಡ್ರೋ, ಇದ್ಕೆ ಅರ್ಥ ಆಯ್ತದೆ, ನಿಮ್ಗಾಗಕಿಲ್ಲ,” ಅನ್ನುತ್ತಿದ್ದಳು.

ಕಾಸು ಕೇಳಿದೆ. “ತಗೊಂಡೋಗು, ನಂಗ್ಯಾಕೆ,” ಅಂದಳು.

ಲೋಹ ಕೊರೆಯುವುದು ನನಗೆ ಹೊಸದಲ್ಲ. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಚ್ಚು ಕೊರೆಯುವುದೇ ನನ್ನ ಕೆಲಸವಾಗಿತ್ತು. ಗಾಡಿಯ ಬಿಡಿಭಾಗಗಳ ಮೇಲೆ ಅಕ್ಷರ, ನಂಬರು ಉಬ್ಬಿಕೊಂಡಿರುತ್ತವಲ್ಲ, ಅವು ಮೂಡುವ ಉಕ್ಕಿನ ಅಚ್ಚು. ಅಚ್ಚಿನಲ್ಲಿ ಎಲ್ಲವೂ ಉಲ್ಟಾ. ಎರಕದ ಮೇಲೆ ಅಕ್ಷರ ನೆಟ್ಟಗೆ, ಉಬ್ಬಾಗಿ ಬರಬೇಕಾದರೆ ಅಚ್ಚಿನಲ್ಲಿ ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು, ತಗ್ಗಾಗಿ ಇರಬೇಕು. ಕಾಗದದ ಮೇಲೆ ಬರೆದುಕೊಂಡು, ಕಾಗದವನ್ನು ಬೋರಲು ಹಾಕಿ, ಹಿಂದಿನಿಂದ ಗೀರಿ ಉಕ್ಕಿನ ಮೇಲೆ ಇಳಿಸುವುದು. ಆಮೇಲೆ ಕಂಪ್ಯೂಟರ್ ಮೆಷಿನ್ ಬಂತು, ನನ್ನನ್ನು ತಪಾಸಣೆಯ ಮೇಜಿಗೆ ಹಾಕಿದರು. ಸಂಬಳಕ್ಕೇನೂ ತೊಂದರೆಯಾಗಲಿಲ್ಲ. ಆದರೆ ಕೈ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆವಾಗ ಗೊತ್ತಾಯಿತು. ನಮ್ಮ ಸೂಪರ್‌ವೈಸರ್ ಪುಣ್ಯಾತ್ಮ. ಗುಜರಿಗೆ ಹೋಗಬೇಕಾಗಿದ್ದ ನನ್ನ ಸಣ್ಣ ಉಳಿಗಳಿಗೆ ಗೇಟ್ ಪಾಸ್ ಬರೆಸಿ, “ಎಡುತ್ತುಟ್ಟು ಪೋ,” ತಗೊಂಡು ಹೋಗು, ಅಂತ ಕಳಿಸಿದ್ದರು. ಅವರು ಹಾಗೆ ಮಾಡದಿದ್ದರೆ ಇವತ್ತು ಈ ಮಾತು ಬರೆಯುತ್ತಿರಲಿಲ್ಲ.

ಆದರೆ ಉಕ್ಕಿನ ಮೇಲೆ ನಂಬರು ಕೊರೆಯುವುದು ಬೇರೆ, ಬೆರಳಗಲದ ಕಾಸಿನ ಮೇಲೆ ಹಸುವಿನ ಮುಖ ತರುವುದು ಬೇರೆ. ಮನೆಯಲ್ಲೇ ಕೂತು ಮಾಡಲು ಹೋಗಿ ಎರಡು ಕಾಸು ಕೆಡಿಸಿದೆ. ಒಂದನ್ನು ಕಿಟಕಿಯಾಚೆ ಎಸೆದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಹೆಂಡತಿ ಹೊರಗೆ ಹೋಗಿ ಅದನ್ನು ಹುಡುಕಿ ತಂದು, ನನ್ನ ಮುಂದೆ ಒಂದು ಸ್ಟೀಲ್ ಬಿಂದಿಗೆ ಇಟ್ಟಳು. ನಮ್ಮ ಮದುವೆಯದು. ಅದರ ಕೊರಳ ಹತ್ತಿರ ನಮ್ಮಿಬ್ಬರ ಹೆಸರು, ಪಕ್ಕದಲ್ಲಿ ಒಂದು ಗಿಣಿ.

“ಈ ಗಿಣಿ ಕೊರೆದೋರ್ನ ಹೋಗಿ ಕೇಳ್ಬಾರ್ದಾ? ಇಲ್ಲಿ ಕೂತು ಉಳಿ ಮೇಲೆ ಯಾಕೆ ಕಿರುಚ್ತೀರಾ?” ಅಂದಳು.

ಆ ಗಿಣಿ ಕೊರೆದವರು ಕೃಷ್ಣಗಿರಿಯ ಹಳೇಪೇಟೆಯ ಒಂದು ಪಾತ್ರೆ ಅಂಗಡಿಯ ಮುಂದೆ ಕೂರುವ ಹೆಂಗಸು. ಪಾತ್ರೆ ಕೊಂಡವರು ಕೊಡುವವರ ಹೆಸರು, ತಗೊಳ್ಳುವವರ ಹೆಸರು ಬರೆಸಿಕೊಂಡು ಹೋಗುತ್ತಾರಲ್ಲ, ಆ ಹೆಸರು ಕೊರೆಯುವ ಕೆಲಸ. ಈಗ ಎಲ್ಲ ಕಡೆ ಜುಂಯ್ ಅನ್ನುವ ಮೆಷಿನ್ ಬಂದಿದೆ. ಅವರು ಮಾತ್ರ ಇನ್ನೂ ಸಣ್ಣ ಸುತ್ತಿಗೆ, ಉಳಿ. ಮನೆಮಾತು ತೆಲುಗು, ಗಿರಾಕಿಗಳ ಹತ್ತಿರ ತಮಿಳು, ನನ್ನ ಹತ್ತಿರ ಅವರದೇ ಒಂದು ಕನ್ನಡ. ನಾನು ಕಾಸು ತೋರಿಸಿ ವಿಷಯ ಹೇಳಿದೆ. ಕನ್ನಡಕ ಹಣೆಗೇರಿಸಿ ಕಾಸು ನೋಡಿದರು, ನನ್ನನ್ನು ನೋಡಿದರು.

“ರಾಜನ್ನ ಎಬ್ಬಿಸಿ ಹಸು ಕೂರಿಸ್ತೀಯಾ? ಒಳ್ಳೆ ಕೆಲ್ಸ, ಮಾಡು ತಂಬಿ. ಆದ್ರೆ ಓಡೋ ದುಡ್ಡಿಗೆ ಮಾತ್ರ ಉಳಿ ಹಾಕ್ಬೇಡ, ತಪ್ಪಾಗ್ತದೆ. ಇಂಥಾ ಸತ್ತ ಕಾಸಿಗೆ ಹಾಕು,” ಅಂದರು.

ಕಲಿಸಿದ್ದಕ್ಕೆ ಏನು ಕೊಡಲಿ ಅಕ್ಕಾ ಅಂತ ಕೇಳಿದ್ದಕ್ಕೆ, “ನಿಮ್ಮೂರ ಕಡೆ ಅವರೆಕಾಯಿ ಸೊಗಡು ಇರ್ತದಲ್ಲ, ಅದು ತಗೊಂಡ್ಬಾ,” ಅಂದರು. ಅವರೆ ಕಾಲ ಮುಗಿದ ಮೇಲೂ ಕಲಿಸುತ್ತಲೇ ಇದ್ದರು.

ಹೀಗೆ ಭಾನುವಾರ ಬಂತೆಂದರೆ ಹೊಸೂರಿಂದ ಕೃಷ್ಣಗಿರಿ ಬಸ್ಸು ಹತ್ತುವುದು ಅಭ್ಯಾಸವಾಯಿತು. ಮೊದಲ ದಿನ ಅಕ್ಕ ನನ್ನ ಕೈಗೆ ತೂತು ಬಿದ್ದ ತಾಮ್ರದ ಚೊಂಬಿನ ತಳದ ತುಂಡು ಕೊಟ್ಟು, “ಹೆಂಡ್ತಿ ಹೆಸರು ಬರಿ,” ಅಂದರು. ಇದೇನು ಮಹಾ ಅಂತ ಬರೆದೆ. ಅವರು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

“ಇದ್ಯಾವ ಭಾಷೆ ತಂಬಿ? ತಮಿಳಾ, ತೆಲುಗಾ, ಕನ್ನಡಾನಾ?”

ಅಯ್ಯೋ ನನ್ನ ಕರ್ಮವೇ! ಅಷ್ಟೂ ಅಕ್ಷರ ಉಲ್ಟಾ. ಕೈ ತಾನಾಗಿ ಅಚ್ಚಿನ ಲೆಕ್ಕದಲ್ಲೇ ಓಡಿತ್ತು. ಅಕ್ಕ ಒಳಗಿಂದ ಕನ್ನಡಿ ತರಿಸಿ, ಅದರಲ್ಲಿ ನನ್ನ ಹೆಂಡತಿಯ ಹೆಸರು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಎದ್ದು ಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅವರು ಒಂದು ಲೋಟ ಮಜ್ಜಿಗೆ ಕೈಗಿಟ್ಟರು. ಮಜ್ಜಿಗೆ ಕುಡಿಯುತ್ತಾ ಎದ್ದು ಹೋಗುವುದು ಹೇಗೆ?

ಅಲ್ಲಿಂದ ಕಲಿಕೆ ಶುರು. ಬೆಂಕಿಗೆ ಹಿಡಿದು ಮೆತ್ತಗೆ ಮಾಡಿದ ಅರಗಿನಲ್ಲಿ ಕಾಸನ್ನು ಕೂರಿಸಿ, ಆ ಅರಗನ್ನು ಒಂದು ಮರದ ಗುಂಡಿನ ಮೇಲೆ ಅಂಟಿಸುವುದು. ಆರಿದರೆ ಕಾಸು ಅಲುಗಾಡದು. “ಪಾತ್ರೆಗೆ ಸುತ್ತಿಗೆ, ಕಾಸಿಗೆ ಅಂಗೈ,” ಅನ್ನುತ್ತಿದ್ದರು. ಉಳಿಯ ಹಿಡಿ ಅಂಗೈಯೊಳಗೆ ಕೂತಿರಬೇಕು, ಒತ್ತಡ ಅಲ್ಲಿಂದ ಬರಬೇಕು. ನಾನು ಉಳಿಯನ್ನು ಮುಂದಕ್ಕೆ ನೂಕುತ್ತಿದ್ದೆ, ಅದು ಜಾರಿ ಎಡಗೈ ಹೆಬ್ಬೆರಳಿಗೆ ಹೋಗುತ್ತಿತ್ತು. “ಉಳಿನ ಯಾಕೆ ಓಡಿಸ್ತೀಯಾ? ಅದು ನಿಂತ ಕಡೆ ನಿಂತಿರ್ಲಿ, ಗುಂಡು ತಿರುಗ್ಸು. ಕಾಸು ತಾನೇ ಉಳಿ ಹತ್ರ ಬರ್ಬೇಕು.” ಇದನ್ನು ಎಷ್ಟು ಸಲ ಹೇಳಿದರೋ! ನನಗೆ ಅರ್ಥವಾಗಿತ್ತು, ಕೈಗೆ ಅರ್ಥವಾಗಿರಲಿಲ್ಲ. ನಾನು ಗೊಣಗಿದರೆ, “ಪೊರುಮೈ ಬೇಕು ತಂಬಿ, ಪೊರುಮೈ,” ಅಂತ ತಮಿಳಲ್ಲಿ ತಾಳ್ಮೆಯ ಪಾಠ. ಅವರಿಗೇನು ತಾಳ್ಮೆ ಇತ್ತು ಅಂದುಕೊಳ್ಳಬೇಡಿ. ಹೆಸರಿನಲ್ಲಿ ಕಾಗುಣಿತ ತಪ್ಪು ಬರೆಸಿ ಆಮೇಲೆ ಜಗಳಕ್ಕೆ ಬಂದ ಗಿರಾಕಿಗೆ ಅವರು ಮೂರು ಭಾಷೆಯಲ್ಲಿ ಬಯ್ದದ್ದು ಕೇಳಿ ನನಗೆ ನಮ್ಮವ್ವನೇ ನೆನಪಾದಳು.

ಒಂದು ದಿನ ಗುಂಡು ತಿರುಗಿತು. ಆ ಹದ ಕೈಗೆ ಯಾವಾಗ ಬಂತು ಅಂತ ನನಗೇ ತಿಳಿಯಲಿಲ್ಲ. ಉಳಿ ನಿಂತಲ್ಲೇ ನಿಂತಿತ್ತು, ಅದರ ಮುಂದೆ ತಾಮ್ರದ ಕೂದಲೆಳೆ ಸುರುಳಿಯಾಗಿ ಏಳುತ್ತಿತ್ತು. ಅಕ್ಕ ತಮ್ಮ ತಟ್ಟೆಯಲ್ಲಿದ್ದ ಮುರುಕನ್ನು, ಅದೇ ನಮ್ಮ ಚಕ್ಕುಲಿ, ಮುರಿದು ಅರ್ಧ ನನಗೆ ಕೊಟ್ಟರು. ಆ ಅರ್ಧ ಮುರುಕಿನ ರುಚಿ ಈಗಲೂ ಬಾಯಲ್ಲಿದೆ.

ಆಮೇಲೆ ಹಸು. ಮೊದಲು ರಾಜನ ತಲೆಯನ್ನು ಅರದಿಂದ ಉಜ್ಜಿ ಸಪಾಟು ಮಾಡಿದೆ. ಹಸುವಿನ ಫೋಟೊ ನಮ್ಮಲ್ಲಿಲ್ಲ, ಆ ಕಾಲದಲ್ಲಿ ಹಸುವಿಗೆ ಯಾರು ಫೋಟೊ ತೆಗೆಸುತ್ತಿದ್ದರು? ನೆನಪಿನಿಂದಲೇ ಕಾಗದದ ಮೇಲೆ ಬರೆದೆ. ಎದುರು ಮುಖ, ಅಗಲ ಹಣೆ, ಇಳಿಬಿದ್ದ ಕಿವಿ, ಒಂದು ನೆಟ್ಟ ಕೊಂಬು, ಒಂದು ಸೊಟ್ಟ ಕೊಂಬು. ಚಿತ್ರವನ್ನು ಕಾಸಿನ ಮೇಲೆ ಇಳಿಸಿಕೊಂಡು ಕೊರೆಯಲು ಕೂತೆ. ಬೆರಳಿಗೆ ಚೆನ್ನಾಗಿ ಸಿಗಲಿ ಅಂತ ಆಳವಾಗಿ ಕೊರೆದೆ. ಮುಸುಡಿಗೆ, ಹಣೆಗೆ, ಕೊಂಬಿಗೆ ಬೇರೆ ಬೇರೆ ಆಳ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಭಾನುವಾರಗಳ ಮೇಲೆ ಭಾನುವಾರ. ಮುಗಿದ ದಿನ ಅಕ್ಕ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. “ಹಾಲು ಕೊಡ್ತದೆ ಬಿಡು,” ಅಂದರು. ಇದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ನನಗೆ ಯಾರೂ ಕೊಟ್ಟಿಲ್ಲ.

ಮಾರನೇ ವಾರ ಮನೆಯಲ್ಲಿ ಕೋಳಿ ಸಾರು, ಒತ್ತು ಶಾವಿಗೆ. ನನ್ನ ಹೆಂಡತಿ ಅಕ್ಕಿ ಹಿಟ್ಟು ಬೇಯಿಸಿ, ನಾದಿ, ಉಂಡೆ ಕಟ್ಟಿ, ಶಾವಿಗೆ ಒರಳಿಗೆ ಎಣ್ಣೆ ಸವರುತ್ತಿದ್ದಳು. ಒಬ್ಬಳೇ ಒಳಗೆ ಕೂರುವುದು ಬೇಡ ಅಂತ ಅವ್ವನನ್ನೂ ಕೈಹಿಡಿದು ಅಡುಗೆಮನೆಗೆ ಕರೆತಂದು ಗೋಡೆಗೆ ಒರಗಿಸಿ ಕೂರಿಸಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಾಸನ್ನು ಅವ್ವನ ಅಂಗೈಯಲ್ಲಿಟ್ಟೆ.

“ಏನ್ಲಾ ಇದು?”

“ನೋಡವ್ವ, ನೀನೇ ಹೇಳು.”

ಹೆಬ್ಬೆರಳು ಕಾಸಿನ ಮೇಲೆ ಹೋಯಿತು. ಒಂದು ಸುತ್ತು ಸುತ್ತಿತು. ಹಣೆಯ ತಗ್ಗಿಗೆ ಇಳಿಯಿತು, ಮೇಲಕ್ಕೆ ಬಂತು, ಒಂದು ಕೊಂಬು ಹಿಡಿದು ಹೋಗಿ ವಾಪಸು ಬಂತು. ಅವ್ವನ ಹುಬ್ಬು ಮೇಲಕ್ಕೆ ಹೋದದ್ದು ಕಂಡಿತು.

“ದನ. ಎದ್ರು ಮುಖ.”

“ಯಾವ ದನ?”

ಬೆರಳು ಇನ್ನೊಂದು ಕೊಂಬಿಗೆ ಹೋಯಿತು. ನಿಂತಿತು. ಮತ್ತೆ ಮೊದಲಿಂದ ಸವರಿತು.

“ನಮ್ಮ ಸೊಟ್ಟಗೊಂಬಿ ಅಂತ ಹೇಳಕ್ಕೆ ಹೊಂಟಿದ್ದೀಯಾ? ಇದು ನಮ್ದಲ್ಲ ಕಣ್ಲಾ. ನಾನು ಎದುರ್ಗೆ ನಿಂತ್ರೆ ಸೊಟ್ಟ ಕೊಂಬು ನನ್ನ ಬಲಗೈ ಕಡೀಕೆ. ಇದ್ರದ್ದು ಎಡಗೈ ಕಡೀಕೈತೆ. ಯಾರ್ದೋ ಮನೆ ಹಸು ತಂದು ಕಟ್ಟಿದ್ದೀಯ.”

ಕೋಣೆಗೆ ಓಡಿ ನಾನು ಬರೆದ ಕಾಗದ ತಂದೆ. ಕಾಗದದಲ್ಲಿ ಕೊಂಬು ಬಲಕ್ಕೇ ಇತ್ತು. ಕಾಗದವನ್ನು ತಿರುಗಿಸಿದೆ. ಹಿಂಬದಿಯಲ್ಲಿ ಗೀರಿದ ಗೆರೆ. ಬೋರಲು ಹಾಕಿ ಇಳಿಸಿದ್ದೆ! ಅಕ್ಷರವಾಗಿದ್ದರೆ ತಿರುಗಿದ ಕೂಡಲೇ ಕಣ್ಣಿಗೆ ಹೊಡೆಯುತ್ತಿತ್ತು. ಹಸುವಿನ ಮುಖ ತಿರುಗಿದರೆ ಯಾರಿಗೆ ಗೊತ್ತಾಗಬೇಕು? ಅಕ್ಕನಿಗೂ ಗೊತ್ತಾಗಲಿಲ್ಲ, ಅವರು ನಮ್ಮ ಹಸುವನ್ನು ಕಂಡವರಲ್ಲ. ಭೂಮಿಯ ಮೇಲೆ ಒಂದೇ ಒಂದು ಹೆಬ್ಬೆರಳಿಗೆ ಗೊತ್ತಾಗಬಹುದಾಗಿತ್ತು, ಅದಕ್ಕೇ ನಾನು ಕೊಟ್ಟಿದ್ದೆ. ಕೊರೆದ ತಾಮ್ರವನ್ನು ಮತ್ತೆ ತುಂಬಲು ಬರುವುದಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಗೆ, ಕಾರ್ಖಾನೆಗೆ, ಆ ಹಾಳು ಅಭ್ಯಾಸಕ್ಕೆ ಬಾಯಿಗೆ ಬಂದಂತೆ ಬಯ್ದೆ.

“ಕೊಡವ್ವ ಇಲ್ಲಿ, ಬಿಸಾಕ್ತೀನಿ,” ಅಂದೆ.

ಅವ್ವ ಕೊಡಲಿಲ್ಲ. ನನ್ನ ಹೆಂಡತಿ ಕಣ್ಣಲ್ಲೇ ಸುಮ್ಮನಿರಿ ಅಂದಳು. ಅವಳು ಗಮನಿಸಿದ್ದನ್ನು ನಾನು ಗಮನಿಸಿರಲಿಲ್ಲ. ಎಷ್ಟೋ ತಿಂಗಳಿಗೆ ಅವ್ವ ಒಂದು ವಸ್ತು ಹಿಡಿದು ವಾದ ಮಾಡುತ್ತಿದ್ದಳು.

“ಯಾಕ್ಲಾ ತಿರುವುಮುರುವಾಯ್ತು?” ಕೇಳಿದಳು.

“ನಮ್ಮ ಕೆಲಸವೇ ಹಂಗೆ ಕಣವ್ವ. ಅಚ್ಚು ಕೊರ್ದೂ ಕೊರ್ದೂ ಕೈ ಹಂಗೇ ಓಡ್ತದೆ. ಹಸು ಮಾಡಕ್ಕೋಗಿ ಹಸೂನ ಅಚ್ಚು ಮಾಡ್ಬುಟ್ಟಿದ್ದೀನಿ.”

“ಅಚ್ಚಾ?” ಅಂದಳು. ಬೆರಳು ಮತ್ತೆ ಆ ತಗ್ಗಿಗೆ ಇಳಿಯಿತು. ಅವಳ ಮುಖದಲ್ಲಿ ಹಳೇ ಕಾಲದ ಆ ಕೊಂಕು ನಗೆ ಬಂತು, ನಮ್ಮನ್ನು ಆಡಿಕೊಳ್ಳುವ ಮುಂಚೆ ಬರುತ್ತಿದ್ದದ್ದು. “ಅಯ್ಯೋ ಪೆದ್ದೇ! ಪ್ಯಾಕ್ಟ್ರಿಯಾಗೆ ಇಷ್ಟು ವರ್ಸ ಅಚ್ಚು ಕೊರ್ದೋನ್ಗೆ, ಅಚ್ಚಾದ್ರೆ ಒತ್ತಿ ನೋಡ್ಬೇಕು ಅಂತ ಗೊತ್ತಾಗ್ಲಿಲ್ವಾ? ಎಲ್ಲಿ ಅಮ್ಮಿ, ಒಂದು ಉಂಡೆ ಕೊಡು ಇಲ್ಲಿ.”

ಕೊಡು ಅಂದಳು! ನನ್ನ ಹೆಂಡತಿ ಬಿಸಿ ಆರಿದ ಅಕ್ಕಿ ಹಿಟ್ಟಿನ ಉಂಡೆಯೊಂದನ್ನು ಅವಳ ಕೈಗಿಟ್ಟಳು. ಅವ್ವ ಅದನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿದಳು. ಎಣ್ಣೆ ಬಟ್ಟಲಿಗಾಗಿ ತಡಕಾಡಿ, ಬೆರಳು ಅದ್ದಿ ಕಾಸಿಗೆ ಸವರಿದಳು. ಕಾಸನ್ನು ಹಿಟ್ಟಿನ ಮೇಲೆ ಬೋರಲಿಟ್ಟು ಹೆಬ್ಬೆರಳಲ್ಲಿ ಬಲವಾಗಿ ಒತ್ತಿ, ಉಗುರಿನಿಂದ ಅಂಚು ಎಬ್ಬಿಸಿ ತೆಗೆದಳು.

ನನಗೆ ಮೊದಲು ಕಂಡಿತು. ಹಿಟ್ಟಿನ ಮೇಲೆ ನಮ್ಮ ಹಸು ಹಣೆ ಉಬ್ಬಿಸಿಕೊಂಡು ನಿಂತಿತ್ತು. ಅಗಲ ಕಿವಿ, ಒಂದು ನೆಟ್ಟ ಕೊಂಬು. ಸೊಟ್ಟ ಕೊಂಬು ಬಲಕ್ಕೆ. ಅವಳೇ ನೋಡಲಿ ಅಂತ ಬಿಟ್ಟೆ.

ಈ ಸಲ ಅವಳ ಹೆಬ್ಬೆರಳು ಸುತ್ತಲಿಲ್ಲ. ನೇರವಾಗಿ ಎರಡು ಕೊಂಬಿನ ನಡುವೆ ಹೋಗಿ ಅಲ್ಲೇ ಮೆಲ್ಲಗೆ ಕೆರೆಯಿತು, ಬಾನಿಯ ಮುಂದೆ ನಿಂತು ಕೆರೆಯುತ್ತಿದ್ದಳಲ್ಲ, ಹಾಗೇ. ಶಾವಿಗೆ ಒರಳಿನ ಹಿಡಿ ಹಿಡಿದಿದ್ದ ನನ್ನ ಹೆಂಡತಿ ಒತ್ತುವುದನ್ನು ನಿಲ್ಲಿಸಿದ್ದಳು. ನನ್ನ ಕಣ್ಣು ತುಂಬಿತ್ತು, ಅವಳ ನೋಟ ಅವ್ವನ ಬೆರಳ ಮೇಲೇ ಇತ್ತು, ಸದ್ಯ. ಆ ಹೊತ್ತಿನಲ್ಲಿ ನಾನು ಯಾರು ಯಾರನ್ನೆಲ್ಲ ನೆನೆದೆ! ಉಳಿಗೆ ಗೇಟ್ ಪಾಸ್ ಬರೆಸಿದವರನ್ನು, ಮಜ್ಜಿಗೆ ಕೊಟ್ಟು ಎದ್ದು ಹೋಗದಂತೆ ತಡೆದ ಅಕ್ಕನನ್ನು, ಎಸೆದ ಕಾಸು ಹುಡುಕಿ ತಂದವಳನ್ನು. ಈಗಷ್ಟೇ ಬಾಯಿಗೆ ಬಂದಂತೆ ಬಯ್ದಿದ್ದ ನನ್ನ ಕೈಯನ್ನೂ.

ಅವ್ವನ ಬೆರಳು ಸೊಟ್ಟ ಕೊಂಬಿನ ಗುಂಟ ಇಳಿದು ತುದಿಗೆ ಬಂತು. ಅಲ್ಲಿ ತಡೆಯಿತು. ಹುಬ್ಬು ಗಂಟಾಯಿತು.

“ಇದು ಕಣ್ಣಿಗೆ ಚುಚ್ತಾ ಐತಲ್ಲಾ. ನಿಮ್ಮಪ್ಪ ಗರಗಸ ತಂದು ತುದಿ ಕುಯ್ದಿರ್ಲಿಲ್ವಾ? ಮರ್ತ್ಬುಟ್ಯಾ?”

ನನಗೆ ಅದು ನೆನಪೇ ಇರಲಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಕೊಂಬು ಕಣ್ಣಿಗೆ ತಾಗುವಂತಾದಾಗ ಅಪ್ಪ ಅದರ ತುದಿ ಕೊಯ್ದಿದ್ದ. ಅವತ್ತು ಅವ್ವ ಹಸುವಿನ ಕೊರಳು ತಬ್ಬಿ ಹಿಡಿದು ನಿಂತಿದ್ದಳು, ಕಣ್ಣು ಉಳಿಯಲಿ ಅಂತ. ಕುರುಡಿಯಾದ ನಮ್ಮವ್ವ ಈಗ ಹೆಬ್ಬೆರಳ ಉಗುರಿನಿಂದ ಹಿಟ್ಟಿನ ಕೊಂಬಿನ ತುದಿಯನ್ನು ಚಿವುಟಿ ತೆಗೆದಳು. ಮತ್ತೊಮ್ಮೆ ಸವರಿ ನೋಡಿದಳು. “ಹ್ಞಾ, ಈಗ ಸರಿಹೋಯ್ತು,” ಅಂತ ಅದಕ್ಕೇ ಹೇಳಿದಳು, ನಮಗಲ್ಲ.

ಸಾರು ಕುದಿಯುತ್ತಿತ್ತು. ಹಿಟ್ಟು ಆರಿದರೆ ಶಾವಿಗೆ ಬರುವುದಿಲ್ಲ ಅಂತ ನನ್ನ ಹೆಂಡತಿ, “ಅತ್ತೆಮ್ಮ, ಆ ಉಂಡೆ ಕೊಡಿ, ಒರಳಿಗೆ ಹಾಕ್ತೀನಿ,” ಅಂತ ಕೈ ಚಾಚಿದಳು.

ಅವ್ವ ಹಿಟ್ಟನ್ನು ಹಿಂದಕ್ಕೆ ಎಳೆದುಕೊಂಡು ಎದೆಗೆ ಹಿಡಿದಳು.

“ತೆಗಿಯಮ್ಮಿ ಕೈಯ್ಯ,” ಅಂದಳು. “ಇದು ನಂಗೆ ಬೇಕು.”